ಲಿವರನ್ನು ದೂರುವ ಮೊದಲು

ಓದುಗರ ಪತ್ರ: ನನ್ನ ಮಗನಿಗೆ 19 ವರ್ಷ. ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ತರಬೇತಿಗೆ ಸೇರಿ ಕೆಲವು ತಿಂಗಳಾಯಿತು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ 92, ಎಸ್‌ಜಿಪಿಟಿ 61, ಕ್ರಿಯಾಟಿನಿನ್ 1.3 ಬಂದಿದೆ. ಹಿಮೋಗ್ಲೋಬಿನ್ ಮೊದಲಿಗಿಂತ ಇಳಿದು 13.6 ಆಗಿದೆ. ಬಿಲಿರುಬಿನ್, ಜಿಜಿಟಿ ಸರಿಯಾಗಿವೆಯಂತೆ. ‘ಲಿವರ್ ಕೆಟ್ಟಿದೆ, ಆಟ ಬಿಡಿಸು’ ಎಂದು ಮನೆಯವರೆಲ್ಲ ಹಟ ಹಿಡಿದಿದ್ದಾರೆ. ಏನು ಮಾಡಲಿ? — ಒಬ್ಬ ತಾಯಿ

ಸಂಪಾದಕರ ಉತ್ತರ:

ಮಾನ್ಯರೇ,

ಪತ್ರದಲ್ಲಿ ಅಂಕಿಗಳೆಲ್ಲ ಇವೆ. ರಕ್ತ ಕೊಡುವ ಹಿಂದಿನ ಎರಡು ದಿನ ನಿಮ್ಮ ಮಗ ಏನು ಮಾಡಿದ್ದ ಎಂಬುದೊಂದು ಮಾತ್ರ ಇಲ್ಲ. ಲ್ಯಾಬಿನವರೂ ಅದನ್ನು ಕೇಳಿರಲಿಕ್ಕಿಲ್ಲ. ಅದು ತಿಳಿಯದೆ ಈ ರಿಪೋರ್ಟು ಓದಿದರೆ ದಾರಿ ತಪ್ಪುತ್ತದೆ.

ಎಸ್‌ಜಿಒಟಿ, ಎಸ್‌ಜಿಪಿಟಿಗಳಿಗೆ ‘ಲಿವರ್ ಟೆಸ್ಟ್’ ಎಂಬ ಹೆಸರು ಅಂಟಿಕೊಂಡುಬಿಟ್ಟಿದೆ. ಆದರೆ ಈ ಎರಡೂ ಕಿಣ್ವಗಳು ಸ್ನಾಯುಗಳಲ್ಲೂ ಇರುತ್ತವೆ, ಅದರಲ್ಲೂ ಎಸ್‌ಜಿಒಟಿ ಹೆಚ್ಚು. ಫುಟ್‌ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಸುಮಾರು 10ರಿಂದ 13 ಕಿಲೋಮೀಟರ್ ಓಡುತ್ತಾನೆ. ಸ್ನಾಯುವಿಗೆ ಪೆಟ್ಟು ಕೊಡುವುದು ಓಟಕ್ಕಿಂತ ಹೆಚ್ಚಾಗಿ ರಭಸದಿಂದ ಓಡುತ್ತ ಗಕ್ಕನೆ ನಿಲ್ಲುವುದು, ತಿರುಗುವುದು, ಹಾರಿ ನೆಲಕ್ಕಿಳಿಯುವುದು. ಆಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕಾಗುತ್ತದೆ. ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಜಿಮ್ಮಿನಲ್ಲಿ ಅಭ್ಯಾಸವಿಲ್ಲದ ಭಾರ ಎತ್ತಿದ್ದರಂತೂ ಈ ಅಂಕಿಗಳು ವಾರದವರೆಗೂ ಇಳಿಯದಿರಬಹುದು.

ನಿಮ್ಮ ಮಗನ ರಿಪೋರ್ಟಿನಲ್ಲಿ ಎಸ್‌ಜಿಒಟಿ ಹೆಚ್ಚು ಏರಿದೆ, ಎಸ್‌ಜಿಪಿಟಿ ಕಡಿಮೆ ಏರಿದೆ, ಸ್ನಾಯುವಿನಿಂದ ಬಾರದ ಲಿವರ್ ಕಿಣ್ವ ಜಿಜಿಟಿ ಅಲುಗಾಡಿಯೇ ಇಲ್ಲ. ಬೆರಳು ತೊಡೆಯ ಕಡೆಗೇ ತೋರಿಸುತ್ತಿದೆ. ಖಚಿತಪಡಿಸಿಕೊಳ್ಳಲು ಸ್ನಾಯುವಿನ ಕಿಣ್ವವನ್ನೇ ಅಳೆಯುವ ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕು. ಆದರೆ ಅದರ ಉತ್ತರ ನೋಡಿ ಮತ್ತೆ ಗಾಬರಿಯಾಗಬೇಡಿ. ಗಂಡಸರಿಗೆ ಲ್ಯಾಬುಗಳು ಹಾಕುವ ಮೇಲ್ಮಿತಿ ಸುಮಾರು 200. ಕ್ರೀಡಾಪಟುಗಳನ್ನೇ ಅಳೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫುಟ್‌ಬಾಲ್ ಆಟಗಾರರ ಮೇಲ್ಮಿತಿ 1,492 ಎಂದು ಬಂದಿತ್ತು! ಪಂದ್ಯ ಮುಗಿದ ಒಂದೆರಡು ದಿನಕ್ಕೆ ಸಿಪಿಕೆ ತುತ್ತತುದಿಗೆ ಏರಿರುತ್ತದೆ. ಹುಡುಗರು ಲ್ಯಾಬಿಗೆ ಹೋಗುವುದೂ ಹೆಚ್ಚುಕಡಿಮೆ ಆಗಲೇ.

ಕ್ರಿಯಾಟಿನಿನ್ ಹುಟ್ಟುವುದೂ ಸ್ನಾಯುವಿನಲ್ಲೇ. ಮೈಕಟ್ಟು ಬೆಳೆದ ಹುಡುಗನಿಗೆ 1.3 ಬಂದ ಮಾತ್ರಕ್ಕೆ ಕಿಡ್ನಿಯನ್ನು ಶಂಕಿಸಬೇಕಿಲ್ಲ. ಮೈ ಬೆಳೆಸಲೆಂದು ಕ್ರಿಯಾಟಿನ್ ಪುಡಿ ಸೇವಿಸುತ್ತಿದ್ದಾನೆಯೇ ಕೇಳಿ, ಅದೂ ಈ ಅಂಕಿಯನ್ನು ಏರಿಸುತ್ತದೆ. ಸಂಶಯ ಉಳಿದರೆ ಸ್ನಾಯುವಿನ ಹಂಗಿಲ್ಲದ ಸಿಸ್ಟಾಟಿನ್ ಸಿ ಪರೀಕ್ಷೆ ಇದೆ.

ಹಿಮೋಗ್ಲೋಬಿನ್ ವಿಷಯದಲ್ಲಿ ನಾನು ಅಷ್ಟು ಸಲೀಸಾಗಿ ಸಮಾಧಾನ ಹೇಳಲಾರೆ. ಕಠಿಣ ತರಬೇತಿ ಶುರುವಾದಾಗ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುತ್ತದೆ. ಕೆಂಪು ಕಣಗಳು ಕಡಿಮೆಯಾಗದಿದ್ದರೂ ರಕ್ತ ತೆಳುವಾಗಿ ಹಿಮೋಗ್ಲೋಬಿನ್ ಅಂಕಿ ಇಳಿಯುತ್ತದೆ. ಇದು ರೋಗವಲ್ಲ, ದೇಹ ಆಟಕ್ಕೆ ಒಗ್ಗಿಕೊಳ್ಳುವ ಬಗೆ. ಆದರೆ ಆಟಗಾರರಿಗೆ ನಿಜವಾದ ಕಬ್ಬಿಣದ ಕೊರತೆಯೂ ಬರುತ್ತದೆ. ಬೆವರಿನಲ್ಲಿ ಅಷ್ಟಿಷ್ಟು ಕಬ್ಬಿಣ ಹೋಗುತ್ತದೆ, ಪಾದ ನೆಲಕ್ಕೆ ಬಡಿದಾಗ ಒಂದಿಷ್ಟು ಕೆಂಪು ಕಣಗಳು ಒಡೆಯುತ್ತವೆ. ಸಾಲದೆಂಬಂತೆ, ಕಸರತ್ತಿನ ನಂತರದ ಮೂರರಿಂದ ಆರು ಗಂಟೆಗಳಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಕರುಳು ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ. ಆದ್ದರಿಂದ ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ನೋಡಲೇಬೇಕು. ಅದನ್ನೂ ಪಂದ್ಯದ ಮರುದಿನ ನೋಡಬಾರದು, ಉರಿಯೂತವಿದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮುಚ್ಚಿಡುತ್ತದೆ.

ಬಿಳಿ ರಕ್ತಕಣಗಳೂ ಕಸರತ್ತಾದ ಕೆಲವು ಗಂಟೆ ಏರಿರುತ್ತವೆ. ಸೋಂಕಿನ ಲಕ್ಷಣವಿಲ್ಲದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಉದ್ದೀಪನ ಮದ್ದು ಪತ್ತೆ ಮಾಡುವವರು ಈ ವಿಷಯದಲ್ಲಿ ನಮ್ಮ ಲ್ಯಾಬುಗಳಿಗಿಂತ ಎಚ್ಚರ. ಅವರ ‘ಜೈವಿಕ ಪಾಸ್‌ಪೋರ್ಟ್’ ಪದ್ಧತಿಯಲ್ಲಿ ತರಬೇತಿ ಮುಗಿದ ಕೂಡಲೇ ರಕ್ತ ತೆಗೆಯುವಂತಿಲ್ಲ, ನಿಗದಿತ ಹೊತ್ತು ಕಾಯಲೇಬೇಕು. ತೆಗೆಯುವ ಮುನ್ನ ಹತ್ತು ನಿಮಿಷ ಕೂರಿಸುತ್ತಾರೆ. ಹೋಲಿಸುವುದೂ ಆಟಗಾರನ ಹಿಂದಿನ ಅಂಕಿಗಳ ಜೊತೆಗೇ ಹೊರತು ಊರವರ ಸರಾಸರಿಯ ಜೊತೆಗಲ್ಲ. ಮಗನ ವಿಷಯದಲ್ಲಿ ನೀವೂ ಹಾಗೆಯೇ ಮಾಡಬೇಕು.

ಮರುಪರೀಕ್ಷೆಗೆ ಮೊದಲು ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ, ಕಠಿಣ ಅಭ್ಯಾಸ ಬೇಡ. ಬೆಳಿಗ್ಗೆ, ಅದೇ ಲ್ಯಾಬಿನಲ್ಲಿ, ಬೇಕಾದಷ್ಟು ನೀರು ಕುಡಿದು ರಕ್ತ ಕೊಡಲಿ. ವಿಶ್ರಾಂತಿಯ ನಂತರವೂ ಎಸ್‌ಜಿಪಿಟಿ ಇಳಿಯದಿದ್ದರೆ ಆಗ ಲಿವರಿನ ತಪಾಸಣೆ ತಪ್ಪಿಸಬೇಡಿ. ಆಟಗಾರರಿಗೂ ಹೆಪಟೈಟಿಸ್ ಬರುತ್ತದೆ. ನೋವಿನ ಮಾತ್ರೆ, ಮೈ ಬೆಳೆಸುವ ಪುಡಿಗಳೂ ಲಿವರನ್ನು ಕೆಡಿಸಬಲ್ಲವು, ಏನೇನು ನುಂಗುತ್ತಿದ್ದಾನೆಂದು ವೈದ್ಯರ ಮುಂದೆ ಬಿಚ್ಚಿ ಹೇಳಲಿ. ಕಣ್ಣು ಹಳದಿಯಾದರೆ, ಅಥವಾ ತಡೆಯಲಾಗದ ಸ್ನಾಯುನೋವಿನ ಜೊತೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮರುಪರೀಕ್ಷೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ವಿಪರೀತ ಒಡೆದು ಕಿಡ್ನಿಗೆ ಕುತ್ತು ಬಂದಿರಬಹುದು.

ಆಟ ಬಿಡಿಸುವ ಮಾತನ್ನು ಎರಡನೆಯ ರಿಪೋರ್ಟು ಬರುವವರೆಗೆ ಮನೆಯಲ್ಲಿ ಯಾರೂ ಎತ್ತದಿರಲಿ. ಲಿವರಿಗೆಂದು ಯಾರೋ ಹೇಳಿದ ಟಾನಿಕ್ಕನ್ನೂ ಕುಡಿಸಬೇಡಿ. ತರಬೇತಿ ಆರಂಭಕ್ಕೆ ಮುನ್ನ ಕ್ಲಬ್ಬಿನವರು ರಕ್ತಪರೀಕ್ಷೆ ಮಾಡಿಸಿದ್ದರೆ ಅದರ ಪ್ರತಿ ಕೇಳಿ ಪಡೆದು, ಎರಡನ್ನೂ ವೈದ್ಯರಿಗೆ ಒಟ್ಟಿಗೆ ತೋರಿಸಿ.