ಪ್ರಿನ್ಸಿಪಲ್ ಎಂಜಿನಿಯರ್ ಸಂದರ್ಶನಕ್ಕೆ ಆರು ವಾರಗಳಲ್ಲಿ ಏನನ್ನು ಓದಿ ಸಿದ್ಧವಾಗಬೇಕು?

ಸಾಫ್ಟ್‌ವೇರ್ ಕಂಪನಿಗಳಲ್ಲಿ ಹಿರಿಯ ಎಂಜಿನಿಯರ್‌ಗಿಂತ ಮೇಲಿನದಾದ ಈ ತಾಂತ್ರಿಕ ಹುದ್ದೆಗೆ ಹೊರಟಿದ್ದೀರಿ. ಹದಿನಾಲ್ಕು ವರ್ಷಗಳ ಅನುಭವವಿದೆ, ಆರು ವಾರಗಳ ಸಮಯವಿದೆ, ಅಲ್ಗಾರಿದಮ್‌ಗಳನ್ನು ಮತ್ತೆ ತಿರುವಿ ಹಾಕಲೇ ಅಥವಾ ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಗಳನ್ನು ರೂಪಿಸಲು ಕಲಿಸುವ ಸಿಸ್ಟಮ್ ಡಿಸೈನ್ ಕೋರ್ಸಿಗೆ ಹಣ ಕಟ್ಟಲೇ ಎಂದು ಕೇಳಿದ್ದೀರಿ. ನಾನು ಎರಡನ್ನೂ ಮಾಡಿ ಸೋತು ಬಂದವನು.

ಆಗ ನಾನು ಬೆಂಗಳೂರಿನಲ್ಲಿ ಹಣಪಾವತಿಗೆ ಸಂಬಂಧಿಸಿದ ಒಂದು ಕಂಪನಿಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಮೂರು ತಿಂಗಳ ಕಾಲ ಬೆಳಗಿನ ಐದಕ್ಕೆ ಎದ್ದು, ಮನೆಯವರು ಏಳುವುದರೊಳಗೆ ಎರಡು ಲೆಕ್ಕಗಳನ್ನು ಬಿಡಿಸಿ, ರಾತ್ರಿ ಊಟವಾದ ಮೇಲೆ ಡಿಸೈನ್ ವೀಡಿಯೊಗಳನ್ನು ನೋಡಿ, ಇನ್ನೂರು ಪುಟಗಳ ಎರಡು ನೋಟ್‌ಪುಸ್ತಕಗಳನ್ನು ಚೌಕ ಮತ್ತು ಬಾಣಗಳಿಂದ ತುಂಬಿಸಿದ್ದೆ. ಆ ಪುಸ್ತಕಗಳಲ್ಲಿದ್ದದ್ದೆಲ್ಲವೂ ಬೇರೆಯವರು ಕಟ್ಟಿದ ವ್ಯವಸ್ಥೆಗಳು. ನಾನು ಕಟ್ಟಿದ್ದು ಒಂದೂ ಇರಲಿಲ್ಲ. ಅದು ಆಗ ನನಗೆ ವಿಚಿತ್ರವೆಂದು ತೋರಲೇ ಇಲ್ಲ.

ಸಂದರ್ಶನ ನಡೆದದ್ದು ಬೆಳ್ಳಂದೂರಿನ ಬಳಿ, ಹೊರವರ್ತುಲ ರಸ್ತೆಗೆ ಮುಖ ಮಾಡಿದ ಒಂದು ಕಚೇರಿಯಲ್ಲಿ. ಒಟ್ಟು ಐದು ಸುತ್ತುಗಳು. ಮೊದಲ ಮೂರು ಸುತ್ತುಗಳು ಚೆನ್ನಾಗಿಯೇ ಹೋದವು. ನಾಲ್ಕನೆಯದರಲ್ಲಿ ನನಗಿಂತ ಹತ್ತು ವರ್ಷವಾದರೂ ಹಿರಿಯರಾದ ಒಬ್ಬ ಮಹಿಳೆ ಲ್ಯಾಪ್‌ಟಾಪ್ ಇಲ್ಲದೆ, ಒಂದು ಚಿಕ್ಕ ಡೈರಿ ಮತ್ತು ಪೆನ್ನು ಹಿಡಿದು ಬಂದು ಕುಳಿತು, "ನಿಮ್ಮ ವ್ಯವಸ್ಥೆ ಕೆಟ್ಟು ನಿಂತ ಒಂದು ದಿನದ ಕಥೆ ಹೇಳಿ" ಎಂದರು. ಇದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು, ಖುಷಿಯೂ ಆಯಿತು.

ಕಥೆ ಹೀಗಿದೆ. ತಿಂಗಳ ಒಂದನೆಯ ತಾರೀಕಿನ ಸಂಜೆ, ಸಂಬಳ ಬಂದವರೆಲ್ಲ ಬಾಡಿಗೆ, ಕಂತು ಕಟ್ಟುವ ಹೊತ್ತಿನಲ್ಲಿ, ನಮ್ಮ ಡೇಟಾಬೇಸ್ ಸ್ವಲ್ಪ ನಿಧಾನವಾಯಿತು. ಅದಷ್ಟೇ ಆಗಿದ್ದರೆ ಹತ್ತು ನಿಮಿಷಗಳಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ಗ್ರಾಹಕನ ಆ್ಯಪ್‌ನಿಂದ ಡೇಟಾಬೇಸ್‌ವರೆಗಿನ ದಾರಿಯಲ್ಲಿ ಒಂದರ ಹಿಂದೆ ಒಂದರಂತೆ ಮೂರು ಸೇವೆಗಳು, ಅಂದರೆ ಒಂದೊಂದು ಕೆಲಸಕ್ಕೆಂದೇ ಇರುವ ಪ್ರತ್ಯೇಕ ಪ್ರೋಗ್ರಾಮ್‌ಗಳು, ಇದ್ದವು, ಮೂರನ್ನೂ ಬೇರೆ ಬೇರೆ ತಂಡಗಳು ನೋಡಿಕೊಳ್ಳುತ್ತಿದ್ದವು, ಮತ್ತು ಉತ್ತರ ಬಾರದಿದ್ದರೆ ಪ್ರತಿಯೊಂದೂ ಮೂರು ಬಾರಿ ಪ್ರಯತ್ನಿಸುತ್ತಿತ್ತು. ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ ಇಪ್ಪತ್ತೇಳು. ಗ್ರಾಹಕ ಒಮ್ಮೆ ಗುಂಡಿ ಒತ್ತಿದರೆ ಡೇಟಾಬೇಸಿನ ಬಾಗಿಲನ್ನು 27 ಬಾರಿ ಬಡಿದಂತಾಗುತ್ತಿತ್ತು. ನಿಧಾನವಾಗಿದ್ದದ್ದು ಈ ಬಡಿತಕ್ಕೆ ಮಲಗಿಯೇಬಿಟ್ಟಿತು. ಪ್ರತಿ ಪಾವತಿಗೂ ತನ್ನದೇ ಗುರುತಿನ ಸಂಖ್ಯೆ ಇದ್ದುದರಿಂದ, ಒಂದೇ ಪಾವತಿ ಎಷ್ಟು ಸಲ ಬಂದರೂ ಯಾರ ಹಣವೂ ಎರಡು ಸಲ ಕಡಿತವಾಗಲಿಲ್ಲ ಎಂಬುದೊಂದೇ ಸಮಾಧಾನ. ನಾನು ಮನೆಯಿಂದ ಲಾಗಿನ್ ಆಗಿ, ಕೆಳಗಿನ ಎರಡು ಸೇವೆಗಳಲ್ಲಿ ಮರುಪ್ರಯತ್ನವನ್ನು ನಿಲ್ಲಿಸಿ, ಒಂದೊಂದಾಗಿ ಸರ್ವರ್‌ಗಳನ್ನು ಎಬ್ಬಿಸಿದೆ. ಒಟ್ಟು 2 ಗಂಟೆ 10 ನಿಮಿಷ. ನಾವು ವ್ಯಾಪಾರಿಗಳಿಗೆ ಮಾತು ಕೊಟ್ಟಿದ್ದದ್ದು ಶೇಕಡಾ 99.9ರಷ್ಟು ಲಭ್ಯತೆ; 30 ದಿನಗಳ ತಿಂಗಳಿಗೆ ಲೆಕ್ಕ ಹಾಕಿದರೆ 43 ನಿಮಿಷಗಳಷ್ಟೇ ನಿಲ್ಲಲು ಅವಕಾಶ. ಅಂದರೆ ಒಂದೇ ಸಂಜೆಗೆ ಮೂರು ತಿಂಗಳ ಅವಕಾಶವನ್ನು ತಿಂದು ಮುಗಿಸಿದ್ದೆವು.

ಇಷ್ಟನ್ನೂ ನಾನು ಬಿಳಿಹಲಗೆಯ ಮೇಲೆ ಚಿತ್ರ ಬರೆದು ಸೊಗಸಾಗಿಯೇ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೂರೂ ಕಡೆ ಮರುಪ್ರಯತ್ನ ಇರಲಿ ಎಂದು ತೀರ್ಮಾನಿಸಿದವರು ಯಾರು?"

"ಅದು ಮೊದಲಿನಿಂದಲೂ ಹಾಗೆಯೇ ಇತ್ತು" ಎಂದೆ.

ನನ್ನನ್ನು ಮುಳುಗಿಸಿದ್ದು ಈ ವಾಕ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಸುಳ್ಳೆಂದು ಆ ಗಳಿಗೆಯಲ್ಲಿ ನನಗೇ ಅನ್ನಿಸಿರಲಿಲ್ಲ. ಮರುಪ್ರಯತ್ನದ ಆ ಕೋಡನ್ನು ಬರೆದವನು ನಾನೇ. ಆ ಸಂಜೆಗಿಂತ ಎರಡು ವರ್ಷ ಮೊದಲು, ಎಲ್ಲ ತಂಡಗಳೂ ಬಳಸುವ ಸಾಮಾನ್ಯ ಕೋಡ್ ಸಂಗ್ರಹವೊಂದರಲ್ಲಿ, ಅಂದರೆ ಲೈಬ್ರರಿಯಲ್ಲಿ, ಯಾರೂ ಏನನ್ನೂ ಬದಲಿಸದಿದ್ದರೆ ಮೂರು ಪ್ರಯತ್ನ ಎಂದು ಇಟ್ಟವನು ನಾನೇ. ಕೋಡ್ ರಿವ್ಯೂ ಮಾಡುವಾಗ, ಅಂದರೆ ಸೇರಿಸುವ ಮೊದಲು ನನ್ನ ಕೋಡನ್ನು ಇನ್ನೊಬ್ಬರು ಓದಿ ನೋಡುವಾಗ, ಕೆಲಸಕ್ಕೆ ಸೇರಿ ವರ್ಷ ತುಂಬಿರದ ಸಹೋದ್ಯೋಗಿಯೊಬ್ಬಳು, "ಮೂರು ಸೇವೆಗಳೂ ಇದನ್ನೇ ಬಳಸಿದರೆ ಗುಣಾಕಾರ ಆಗುವುದಿಲ್ಲವೇ?" ಎಂದು ಬರೆದಿದ್ದಳು. ನಾನು "ಸದ್ಯಕ್ಕೆ ಇರಲಿ, ಆಮೇಲೆ ನೋಡೋಣ" ಎಂದು ಉತ್ತರಿಸಿ ಕೋಡನ್ನು ಸೇರಿಸಿದ್ದೆ. ಆ 'ಆಮೇಲೆ' ಬಂದದ್ದು ಒಂದನೆಯ ತಾರೀಕಿನ ಸಂಜೆ.

ಆದರೂ "ಹಾಗೆಯೇ ಇತ್ತು" ಎಂಬ ಮಾತು ನನ್ನ ಬಾಯಿಂದ ಹೇಗೆ ಬಂತು? ವ್ಯವಸ್ಥೆ ಕೆಟ್ಟು ನಿಂತ ಆ ಸಂಜೆಯಾದ ಮೇಲೆ ನಾವು ಬರೆದ ವರದಿಯಲ್ಲಿ ವಾಕ್ಯಗಳೆಲ್ಲ ಅದೇ ಧಾಟಿಯಲ್ಲಿದ್ದವು. ಸರ್ಕಾರಿ ಸುತ್ತೋಲೆಗಳಲ್ಲಿ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರುತ್ತದಲ್ಲ, ಕೈಗೊಳ್ಳುವವರು ಯಾರೆಂಬುದು ಎಂದೂ ಇರುವುದಿಲ್ಲ, ಹಾಗೆ. ಯಾರನ್ನೂ ದೂಷಿಸಬಾರದೆಂಬ ಒಳ್ಳೆಯ ಉದ್ದೇಶದಿಂದ ವರದಿಯಲ್ಲಿ ಹೆಸರುಗಳನ್ನು ಬಿಟ್ಟಿದ್ದೆವು. ನಾನು ಆ ಸೌಜನ್ಯವನ್ನು ನನ್ನ ಮೇಲೇ ತೋರಿಸಿಕೊಂಡು, ಎರಡು ವರ್ಷಗಳಲ್ಲಿ ಕಥೆಯಿಂದ ನನ್ನನ್ನು ಪೂರ್ತಿ ಅಳಿಸಿಹಾಕಿಬಿಟ್ಟಿದ್ದೆ. ಉಳಿದದ್ದು ಬೆಂಕಿ ಆರಿಸಿದವನು ಮಾತ್ರ.

ಆಕೆ ವಾದಿಸಲಿಲ್ಲ. "ಮೂರೇ ಏಕೆ, ಎರಡು ಏಕಲ್ಲ?" ಎಂದು ಮೆಲ್ಲಗೆ ಕೇಳಿದರು. ನಾನು ಉತ್ಸಾಹದಿಂದ, ಆ ದಿನಗಳಲ್ಲಿ ಒಂದು ಬ್ಯಾಂಕಿನ ಸಂಪರ್ಕ ಎಷ್ಟು ಬಾರಿ ಕಡಿದುಹೋಗುತ್ತಿತ್ತು, ಎರಡು ಪ್ರಯತ್ನಗಳಲ್ಲಿ ಏಕೆ ದಕ್ಕುತ್ತಿರಲಿಲ್ಲ ಎಂಬುದನ್ನು ಐದು ನಿಮಿಷ ವಿವರಿಸಿದೆ. ಮೊದಲಿನಿಂದಲೂ ಇದ್ದ ವಸ್ತುವಿನ ಹುಟ್ಟನ್ನು ಯಾರೂ ಇಷ್ಟು ವಿವರವಾಗಿ ಬಲ್ಲವರಾಗಿರುವುದಿಲ್ಲ. ಆಕೆ ಡೈರಿಯಲ್ಲಿ ಒಂದು ಸಾಲು ಬರೆದುಕೊಂಡರು. ಹತ್ತು ದಿನಗಳ ನಂತರ ರೆಕ್ರೂಟರ್ ಫೋನ್ ಮಾಡಿ, ತಾಂತ್ರಿಕ ಆಳದ ಬಗ್ಗೆ ಯಾರಿಗೂ ಸಂದೇಹವಿಲ್ಲ, ಹೊಣೆಗಾರಿಕೆಯ ಬಗ್ಗೆ ಪ್ಯಾನೆಲ್‌ಗೆ ಖಾತ್ರಿಯಾಗಲಿಲ್ಲ ಎಂದು ಹೇಳಿದರು. ಒಂದು ವಾರ ನಾನು ಆ ಮಹಿಳೆಯನ್ನು ಬೈದುಕೊಂಡೆ. ಆಮೇಲೆ ಬೈಯುವುದಕ್ಕೆ ಏನೂ ಉಳಿಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏನನ್ನು ಓದಬೇಕು ಎಂಬುದು ಆರು ವರ್ಷಗಳ ಅನುಭವದವರು ಕೇಳಬೇಕಾದ ಪ್ರಶ್ನೆ. ಈ ಹುದ್ದೆಯ ಸಂದರ್ಶನದಲ್ಲಿ ಪಠ್ಯ ನೀವೇ, ಮತ್ತು ಆ ಪಠ್ಯವನ್ನು ನೀವು ಸರಿಯಾಗಿ ಓದಿಲ್ಲ ಎಂದು ನಾನು ಬಾಜಿ ಕಟ್ಟಬಲ್ಲೆ. ಕಳೆದ ಐದು ವರ್ಷಗಳಲ್ಲಿ ನೀವು ತೆಗೆದುಕೊಂಡ ಆರೇಳು ತೀರ್ಮಾನಗಳನ್ನು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದಕ್ಕೂ ಆಗ ಎದುರಿಗಿದ್ದ ಇನ್ನೊಂದು ದಾರಿ ಯಾವುದು, ಯಾರು ವಿರೋಧಿಸಿದರು, ಯಾವ ಮಾತಿನಿಂದ ವಿರೋಧಿಸಿದರು, ಆಮೇಲೆ ಏನಾಯಿತು ಎಂಬುದು ಇರಲಿ. ಬರೆದಾದ ಮೇಲೆ "ಮಾಡಲಾಯಿತು", "ಆಗಿತ್ತು" ಎಂದಿರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದು, ಮಾಡಿದವರ ಹೆಸರನ್ನು ಹಾಕಿರಿ. "ನಾವು" ಎಂಬ ಪದಕ್ಕೂ ಅದೇ ಶಿಕ್ಷೆ. ಅರ್ಧ ಕಡೆ ಬರುವ ಹೆಸರು ನಿಮ್ಮದಾಗಿರುವುದಿಲ್ಲ. ಅದೂ ತಿಳಿಯಬೇಕಾದ ವಿಷಯವೇ.

ಸಂದರ್ಭ, ಕೆಲಸ, ಕ್ರಮ, ಫಲಿತಾಂಶ ಎಂದು ನಾಲ್ಕು ಭಾಗಗಳಲ್ಲಿ ಉತ್ತರಿಸುವ, ಅವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಬಂದ 'ಸ್ಟಾರ್' (STAR) ಪದ್ಧತಿಯನ್ನು ಎಲ್ಲ ಕೋಚುಗಳೂ ಕಲಿಸುತ್ತಾರೆ. ನನಗೆ ಅದರ ಮೇಲೆ ಸಿಟ್ಟಿದೆ. ಹೊಸಬರಿಗೆ ಅದು ಒಳ್ಳೆಯ ಊರುಗೋಲು. ಆದರೆ ಈ ಮಟ್ಟದಲ್ಲಿ ಅವರು ಹುಡುಕುವುದು ಸಂದರ್ಭಕ್ಕೂ ಕೆಲಸಕ್ಕೂ ನಡುವೆ ಇರುವ ತೀರ್ಮಾನವನ್ನು, ಮತ್ತು ಆ ಚೌಕಟ್ಟಿನಲ್ಲಿ ಅದಕ್ಕೊಂದು ಅಕ್ಷರವೇ ಇಲ್ಲ. ನನ್ನ ಉತ್ತರ ಸ್ಟಾರ್ ಪ್ರಕಾರ ನೂರಕ್ಕೆ ನೂರು ಸರಿಯಾಗಿತ್ತು.

ಎಂಟು ತಿಂಗಳ ನಂತರ ಇನ್ನೊಂದು ಕಡೆ ಕರೆ ಬಂದಾಗ, ನಾನು ಮಾಡಿದ ಮೊದಲ ಕೆಲಸವೆಂದರೆ ರಿವ್ಯೂ ಮಾಡಿದ್ದ ಆ ಹುಡುಗಿಗೆ ಫೋನ್ ಮಾಡಿದ್ದು. ಅಷ್ಟರಲ್ಲಿ ಅವಳು ಬೇರೆ ಕಂಪನಿ ಸೇರಿದ್ದಳು. ಆ ರಾತ್ರಿಯ ಬಗ್ಗೆ ನಿನಗೇನು ನೆನಪಿದೆ ಎಂದು ಕೇಳಿದೆ. ಅವಳಿಗೆ ನನಗಿಂತ ಹೆಚ್ಚು ನೆನಪಿತ್ತು. "ನಾನು ಕೇಳಿದ್ದೆ ಸರ್, ನೀವು ಆಮೇಲೆ ನೋಡೋಣ ಅಂದ್ರಿ. ಅದಾದ ಮೇಲೆ ಒಂದು ವರ್ಷ ನಾನು ರಿವ್ಯೂನಲ್ಲಿ ಪ್ರಶ್ನೆ ಕೇಳೋದೇ ಬಿಟ್ಟಿದ್ದೆ" ಎಂದಳು. ಇಪ್ಪತ್ತೇಳು ಬಡಿತಗಳಿಗಿಂತ ದೊಡ್ಡ ನಷ್ಟ ಇದು, ಯಾವ ವರದಿಯಲ್ಲೂ ಬಂದಿರಲಿಲ್ಲ.

ಎರಡನೆಯ ಸಂದರ್ಶನದಲ್ಲಿ ಅದೇ ಕಥೆಯನ್ನು ಅವಳ ಪ್ರಶ್ನೆಯಿಂದಲೇ ಆರಂಭಿಸಿದೆ. ಮರುಪ್ರಯತ್ನ ಒಂದೇ ಹಂತದಲ್ಲಿರಬೇಕು, ಪ್ರತಿ ಸೋಲಿನ ನಂತರ ಕಾಯುವ ಸಮಯ ದುಪ್ಪಟ್ಟಾಗಬೇಕು, ಎಲ್ಲರೂ ಒಂದೇ ಕ್ಷಣಕ್ಕೆ ಮರಳಿ ಬರದಂತೆ ಆ ಸಮಯಕ್ಕೆ ಸ್ವಲ್ಪ ಏರುಪೇರು ಬೆರೆಸಬೇಕು ಎಂಬ ತಾಂತ್ರಿಕ ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಉಳಿದ ಸಮಯವೆಲ್ಲ, ಮೂರು ತಂಡಗಳು ಒಂದನ್ನೊಂದು ಕೇಳದೆ ಒಂದೇ ಲೈಬ್ರರಿಯನ್ನು ಬಳಸುವಂತಹ ಸ್ಥಿತಿ ಹೇಗೆ ಬಂತು ಎಂಬುದರ ಸುತ್ತ ಹೋಯಿತು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯ ಜನ ಪರಸ್ಪರ ಮಾತನಾಡುವ ರೀತಿಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದಾರೆ. ನಾನು ಅದನ್ನು ನೋಟ್‌ಪುಸ್ತಕದಲ್ಲಿ ಎರಡು ಸಲ ಬರೆದುಕೊಂಡಿದ್ದರೂ ನನ್ನದೇ 27ರಲ್ಲಿ ಅದನ್ನು ಕಂಡಿರಲಿಲ್ಲ. ಕೆಲಸ ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ.

ನೀವು ಕೇಳಿದ್ದಕ್ಕೂ ಉತ್ತರಿಸಿಬಿಡುತ್ತೇನೆ. ಕೋಡಿಂಗ್ ಸುತ್ತು ಇದೆಯೇ ಎಂದು ರೆಕ್ರೂಟರನ್ನು ನೇರವಾಗಿ ಕೇಳಿ. ಇದ್ದರೆ ವಾರಕ್ಕೆ ಎರಡು ಗಂಟೆ, ಕೈ ಮರೆಯದಷ್ಟು. ಡಿಸೈನ್ ಕೋರ್ಸಿಗೆ ಹಣ ಕಟ್ಟಬೇಡಿ. ಡಿಸೈನ್ ಸುತ್ತಿನಲ್ಲಿ ಮಾರ್ಕರ್ ಎತ್ತಿಕೊಳ್ಳುವ ಮೊದಲು ಈ ವ್ಯವಸ್ಥೆಯನ್ನು ನಡೆಸಿಕೊಂಡು ಹೋಗುವವರು ಎಷ್ಟು ಜನ ಎಂದು ಕೇಳಿ. ಎಂಟು ಜನರ ತಂಡಕ್ಕೆ ಇಪ್ಪತ್ತು ಸೇವೆಗಳ ಚಿತ್ರ ಬರೆದುಕೊಟ್ಟ ಹಿರಿಯರನ್ನು ಈಗ ನಾನೇ ಪ್ಯಾನೆಲ್‌ನಲ್ಲಿ ಕುಳಿತು ಬೇಡವೆಂದಿದ್ದೇನೆ. ಅಣಕು ಸಂದರ್ಶನವನ್ನು ಗೆಳೆಯರೊಂದಿಗೆ ಮಾಡಬೇಡಿ, ಅವರು ನಿಮ್ಮನ್ನು ನಂಬಿಬಿಡುತ್ತಾರೆ. ನಿಮ್ಮ ಯಾವುದಾದರೂ ತೀರ್ಮಾನದಿಂದ ರಾತ್ರಿ ನಿದ್ದೆಗೆಟ್ಟ ಹಳೆಯ ಸಹೋದ್ಯೋಗಿ ಯಾರಾದರೂ ಇರುತ್ತಾರೆ. ಈ ಶನಿವಾರ ಅವರನ್ನು ಕಾಫಿಗೆ ಕರೆದು, ಕಥೆಯನ್ನು ನೀವು ಹೇಳುವ ಬದಲು ಅವರಿಂದಲೇ ಹೇಳಿಸಿ.