‘ಯೆಸ್’ ಅಂದದ್ದು ಎಲ್ಲಿ ಎಡವಿತು?

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಈಗ ಪೀಣ್ಯದಲ್ಲಿ ಮೆಷಿನ್ ಬಿಡಿಭಾಗ ಮಾಡುವ ಕಾರ್ಖಾನೆಯ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಕೆಲಸ. ಜರ್ಮನಿಯ ಗಿರಾಕಿ ಫೋನಿನಲ್ಲಿ ‘ಹ್ಯಾವಂಟ್ ಯು ಸೆಂಟ್ ದಿ ಡಾಕ್ಯುಮೆಂಟ್ಸ್?’ ಎಂದು ಕೇಳಿದರು. ಇನ್ನೂ ಕಳಿಸಿರಲಿಲ್ಲ, ಇವರು ‘ಯೆಸ್’ ಎಂದರು. ಎರಡು ದಿನ ಬಿಟ್ಟು ಸಿಟ್ಟಿನ ಮೇಲ್ ಬಂತು. ಅವತ್ತಿನಿಂದ ಕಾಲ್‌ಗಳಿಗೆ ಬೇರೊಬ್ಬರನ್ನು ಕೂರಿಸುತ್ತಿದ್ದಾರಂತೆ. ‘ಮೂರು ತಿಂಗಳ ಬಿಸಿನೆಸ್ ಇಂಗ್ಲಿಷ್ ಕೋರ್ಸಿಗೆ 40,000 ರೂಪಾಯಿ ಕೇಳುತ್ತಿದ್ದಾರೆ. ಮುಂದೆ ಹೊರದೇಶದಲ್ಲಿ ಕೆಲಸ ಮಾಡುವ ಆಸೆ ಇದೆ. ಸೇರಲಾ? ಹೆಸರು ಹಾಕಬೇಡಿ’ ಎಂದು ಕೇಳಿದ್ದಾರೆ. ತಾವೇ ಬರೆದ ಒಂದು ಮೇಲ್ ಕೂಡ ಜೊತೆಗೆ ಕಳಿಸಿದ್ದಾರೆ.

ತಂಗಿ, ಈಗಲೇ ಸೇರಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ‘ಯೆಸ್’ ವಿಷಯ. ಮನೆಯಲ್ಲಿ ಅಮ್ಮ ‘ಇನ್ನೂ ಊಟ ಮಾಡಿಲ್ವಾ?’ ಎಂದು ಕೇಳಿದರೆ ನಾವು ‘ಹೂಂ, ಮಾಡಿಲ್ಲ’ ಅನ್ನುತ್ತೇವೆ. ನೀವು ಹೇಳಿದ್ದು ಸರಿ ಅನ್ನುವುದಕ್ಕೆ ಆ ‘ಹೂಂ’. ಇಂಗ್ಲಿಷಿನಲ್ಲಿ ಹಾಗಲ್ಲ. ಪ್ರಶ್ನೆ ಯಾವ ರೀತಿಯಲ್ಲೇ ಇರಲಿ, ಕಳಿಸಿದ್ದರೆ ‘ಯೆಸ್’, ಕಳಿಸಿಲ್ಲದಿದ್ದರೆ ‘ನೋ’. ನೀವು ಕನ್ನಡದ ಲೆಕ್ಕದಲ್ಲಿ ಉತ್ತರ ಕೊಟ್ಟಿರಿ, ಅವರು ಇಂಗ್ಲಿಷಿನ ಲೆಕ್ಕದಲ್ಲಿ ಕೇಳಿಸಿಕೊಂಡರು. ಇಂಥ ಪ್ರಶ್ನೆಗೆ ‘ಇಲ್ಲ, ಕಳಿಸಿದ್ದೇನೆ’ ಎಂದು ಹೇಳಲು ಜರ್ಮನ್ ಭಾಷೆಯಲ್ಲಿ ‘ಡೋಖ್’ ಅಂತ ಬೇರೆ ಪದವೇ ಇದೆ. ಅಂದರೆ ಆ ಗಿರಾಕಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಅವರೂ ನಿಮ್ಮ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದವರು.

ಹಾಗಾಗಿ ಇಂಥ ಕಡೆ ಯೆಸ್, ನೋ ಎರಡನ್ನೂ ಬಿಟ್ಟುಬಿಡಿ. ‘ನಾಟ್ ಸೆಂಟ್ ಯೆಟ್. ಐ ವಿಲ್ ಸೆಂಡ್ ದೆಮ್ ಟುಡೇ’ ಅನ್ನಿ. ಅಷ್ಟೇ ಸಾಕು.

ನಮ್ಮ ‘ನೋಡೋಣ’ ಕೂಡ ಇದೇ ಜಾತಿಯದು. ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನುವುದು ನಮಗೆ ಕಷ್ಟ. ಅದಕ್ಕೇ ‘ಐ ವಿಲ್ ಟ್ರೈ’ ಅಂದುಬಿಡುತ್ತೇವೆ. ಆ ಕಡೆಯವರು ಅದನ್ನು ಮಾತು ಕೊಟ್ಟ ಹಾಗೆ ಬರೆದಿಟ್ಟುಕೊಳ್ಳುತ್ತಾರೆ. ಶುಕ್ರವಾರ ಆಗಲ್ಲ, ಮಂಗಳವಾರ ಆಗುತ್ತದೆ ಎಂದು ನೇರವಾಗಿ ಹೇಳಿ. ಅದು ಒರಟುತನ ಅಲ್ಲ.

ಇನ್ನು ನಿಮ್ಮ ಮೇಲ್. ಎರಡು ಸಲ ಓದಿದೆ. ವ್ಯಾಕರಣದ ತಪ್ಪು ಎಲ್ಲೋ ಒಂದೆರಡು, ಅದು ದೊಡ್ಡದಲ್ಲ. ಆದರೆ ಮೊದಲು ಆರೋಗ್ಯ ವಿಚಾರಣೆ, ಆಮೇಲೆ ಹಬ್ಬದ ರಜೆ, ಆಮೇಲೆ ಲಾರಿ ಸಿಗದ ಕಥೆ. ಸರಕು ಒಂದು ವಾರ ತಡ ಅನ್ನುವ ಮಾತು ಬರುವುದು ಒಂಬತ್ತನೇ ಸಾಲಿನಲ್ಲಿ! ಇದು ಎಲ್ಲಿಂದ ಬಂತು ಗೊತ್ತಾ? ‘ಇತ್ತ ಕಡೆ ನಾವೆಲ್ಲರೂ ಕ್ಷೇಮ, ಪತ್ರ ಬರೆಯಲು ಕಾರಣವೇನೆಂದರೆ’ ಅಂತ ಶಾಲೆಯಲ್ಲಿ ಕಲಿತೆವಲ್ಲ, ಆ ಅಭ್ಯಾಸ. ಅಜ್ಜಿಗೆ ಬರೆಯುವಾಗ ಅದು ಚೆಂದ. ವ್ಯವಹಾರದ ಮೇಲ್‌ನಲ್ಲಿ ಆ ‘ಕಾರಣವೇನೆಂದರೆ’ ಮೊದಲ ಸಾಲಿಗೇ ಬರಬೇಕು. ಸರಕು ಯಾವಾಗ ಬರುತ್ತದೆ, ಯಾಕೆ ತಡ, ಅವರಿಂದ ನಿಮಗೆ ಏನು ಬೇಕು. ಈ ಮೂರೇ. ಕೊನೆಯ ‘ಡೂ ದಿ ನೀಡ್‌ಫುಲ್’ ತೆಗೆಯಿರಿ. ಏನು ಮಾಡಬೇಕು ಅಂತ ಅವರಿಗೆ ಅದರಿಂದ ತಿಳಿಯುವುದಿಲ್ಲ. ‘ಪರಿಷ್ಕೃತ ಆರ್ಡರಿಗೆ ಸಹಿ ಮಾಡಿ ಬುಧವಾರದೊಳಗೆ ಕಳಿಸಿ’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ.

1998ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆ ಸರಳ ಇಂಗ್ಲಿಷ್ ಬರೆಯುವುದರ ಬಗ್ಗೆ ಒಂದು ಕೈಪಿಡಿ ತಂದಿತು. ಅದಕ್ಕೆ ಮುನ್ನುಡಿ ಬರೆದವರು ವಾರೆನ್ ಬಫೆಟ್. ಕಂಪನಿಯ ವಾರ್ಷಿಕ ವರದಿ ಬರೆಯುವಾಗ ತನ್ನ ಅಕ್ಕ ಮತ್ತು ತಂಗಿಯ ಜೊತೆ ಮಾತಾಡುತ್ತಿದ್ದೇನೆ ಎಂದುಕೊಳ್ಳುತ್ತೇನೆ ಎಂದು ಅವರು ಅದರಲ್ಲಿ ಹೇಳುತ್ತಾರೆ. ಇಬ್ಬರೂ ಬುದ್ಧಿವಂತರು, ಆದರೆ ಲೆಕ್ಕಪತ್ರದ ಪರಿಭಾಷೆ ಬಲ್ಲವರಲ್ಲ. ಅಷ್ಟು ದೊಡ್ಡ ವ್ಯವಹಾರಸ್ಥ ಬಯಸಿದ ಇಂಗ್ಲಿಷ್ ಅದು. ದೊಡ್ಡ ದೊಡ್ಡ ಪದ ಬರಲ್ಲ ಅಂತ ನೀವು ಸುಮ್ನೆ ಕೊರಗುವುದು ಬೇಡ.

ನಿಮ್ಮ ಕೆಲಸಕ್ಕೆ ಬೇಕೇ ಬೇಕಾದ ಪದಗಳು ಬೇರೆ ಇವೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ಇನ್‌ಕೋಟರ್ಮ್ಸ್. ಸರಕು ಸಾಗಿಸುವ ಖರ್ಚು, ಹೊಣೆ ಎಲ್ಲಿಯವರೆಗೆ ಮಾರುವವರದು, ಎಲ್ಲಿಂದ ಕೊಳ್ಳುವವರದು ಎಂದು ಹೇಳುವ ಪದಗಳು ಇವು. 2020ರ ಆವೃತ್ತಿಯಲ್ಲಿ ಅವು 11. ಎಫ್‌ಒಬಿ ಚೆನ್ನೈ ಎಂದರೆ ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಮತ್ತು ಹೊಣೆ ನಿಮ್ಮದು. ಸಿಐಎಫ್ ಆದರೆ ಗಿರಾಕಿಯ ಬಂದರಿನವರೆಗೆ ಹಡಗಿನ ಬಾಡಿಗೆ, ವಿಮೆ ಎರಡೂ ನಿಮ್ಮ ಖರ್ಚು. ಆದರೂ ನಷ್ಟದ ಹೊಣೆ ಸರಕು ಹಡಗು ಏರಿದಾಗಲೇ ಗಿರಾಕಿಗೆ ದಾಟಿರುತ್ತದೆ. ಇದನ್ನು ಕನ್ನಡದಲ್ಲಿ ನಿಮ್ಮ ಪಕ್ಕದ ಸೀಟಿನವರಿಗೆ ಬಿಡಿಸಿ ಹೇಳಲು ಬಂದರೆ ಇಂಗ್ಲಿಷಿನಲ್ಲೂ ಬರುತ್ತದೆ.

ಉಚ್ಚಾರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಂಖ್ಯೆಗಳಲ್ಲಿ ಮಾತ್ರ ಹುಷಾರು. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಒಂದೇ ಥರ ಕೇಳುತ್ತವೆ, ‘ಒನ್ ಫೈವ್’ ಎಂದು ಬಿಡಿಸಿ ಹೇಳಿ. ಹೊರದೇಶದವರಿಗೆ ಲಕ್ಷ ಗೊತ್ತಿಲ್ಲ, ಹತ್ತು ಲಕ್ಷಕ್ಕೆ ಒಂದು ಮಿಲಿಯನ್ ಅನ್ನಬೇಕು. ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 4/5 ನಮಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5.

ಐಇಎಲ್‌ಟಿಎಸ್ ಅನ್ನುವ, ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಬರೆಯಲಾ ಅಂತಲೂ ಕೇಳಿದ್ದೀರಿ. ಅದರ ಫಲಿತಾಂಶ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಯಾವ ದೇಶ, ಯಾವ ಕೆಲಸ ಎಂದು ಗೊತ್ತಾಗುವ ಮೊದಲೇ ಬರೆದರೆ ದುಡ್ಡು ದಂಡ. ಅಲ್ಲಿಯವರೆಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ವೆಬ್‌ಸೈಟ್ ಇದೆ, ಉಚಿತ. ದಿನಕ್ಕೆ ಕಾಲು ಗಂಟೆ ಕೇಳಿ, ಕೇಳಿದ್ದನ್ನು ಗಟ್ಟಿಯಾಗಿ ಹೇಳಿ.

ಆದರೆ ಕಾಲ್‌ನಿಂದ ದೂರ ಉಳಿದರೆ ಇದ್ಯಾವುದೂ ಕೈಗೆ ಹತ್ತುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ನೋಯಿಸಿದ್ದೂ ಅದೇ. ನಾಳೆಯೇ ನಿಮ್ಮ ಮೇಲಿನವರ ಹತ್ತಿರ ಹೋಗಿ ಹೀಗೆ ಕೇಳಿ: ‘ಸರ್, ಮುಂದಿನ ಕಾಲ್‌ನಲ್ಲಿ ಈಗ ಮಾತಾಡುತ್ತಿರುವವರೇ ಮಾತಾಡಲಿ. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಏನೇನು ತೀರ್ಮಾನ ಆಯ್ತು ಅಂತ ಗಿರಾಕಿಗೆ ನಾನೇ ಮೇಲ್ ಹಾಕುತ್ತೇನೆ.’ ಐದು ಸಾಲು ಮೀರದ ಮೇಲ್. ಕಳಿಸುವ ಮೊದಲು ನಿಮ್ಮ ಮೇಲಿನವರಿಗೆ ಒಮ್ಮೆ ತೋರಿಸಿ. ಹೀಗೆ ನಾಲ್ಕು ಕಾಲ್ ಆದ ಮೇಲೆ ‘ಐದನೆಯದನ್ನು ನನಗೇ ಬಿಟ್ಟುಕೊಡಿ’ ಎಂದು ಕೇಳಿ. ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ