ಓಡುವಾಗ ಸರಿ, ನಿಂತರೆ ಆಫ್: ಹಳೆ ಪೆಟ್ರೋಲ್ ಕಾರಿಗೆ ಫ್ಯುಯೆಲ್ ಪಂಪ್ ಹಾಕಿಸಬೇಕಾ?

ನೀವು ಬರೆದ ಪ್ರಕಾರ ನಿಮ್ಮದು ಹದಿನೈದು ವರ್ಷದ ಪೆಟ್ರೋಲ್ ಕಾರು, ರೋಡಲ್ಲಿ ಚೆನ್ನಾಗೇ ಓಡುತ್ತೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ನಿಲ್ಲಿಸಿದರೆ ಗಡಗಡ ನಡುಗಿ ಆಫ್ ಆಗುತ್ತೆ, ಪ್ಲಗ್ ಮತ್ತು ಏರ್ ಫಿಲ್ಟರ್ ಆಗಲೇ ಬದಲಾಯಿಸಿದ್ದೀರಿ, ಈಗ ಮೆಕ್ಯಾನಿಕ್ ಫ್ಯುಯೆಲ್ ಪಂಪ್, ಅಂದರೆ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪ್, ಬದಲಾಯಿಸಬೇಕು ಅನ್ನುತ್ತಿದ್ದಾರೆ. ನಾನಾಗಿದ್ದರೆ ಈಗಲೇ ಪಂಪ್ ಹಾಕಿಸುತ್ತಿರಲಿಲ್ಲ. ಪಂಪ್ ಸೋತರೆ ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ. ಐಡ್ಲಿಂಗ್‌ಗೆ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುತ್ತಿರುವುದಕ್ಕೆ) ಬೇಕಾಗುವ ಪೆಟ್ರೋಲ್ ಬಹಳ ಕಡಿಮೆ.

ನಿಮ್ಮ ಲಕ್ಷಣ ನೋಡಿದರೆ ಅನುಮಾನ ಗಾಳಿಯ ಕಡೆಗೇ ಹೋಗುತ್ತೆ. ಕಾಲು ತೆಗೆದಾಗ ಥ್ರಾಟಲ್ ಪ್ಲೇಟ್ (ಇಂಜಿನ್‌ಗೆ ಹೋಗುವ ಗಾಳಿಯನ್ನು ತಡೆದು ಬಿಡುವ ತಟ್ಟೆ) ಹೆಚ್ಚುಕಮ್ಮಿ ಮುಚ್ಚಿಕೊಂಡಿರುತ್ತೆ. ಆಗ ಇಂಜಿನ್ ಉಸಿರಾಡುವುದು ಅದರ ಅಂಚಿನ ಸಣ್ಣ ಸಂದಿಯಲ್ಲಿ, ಇಲ್ಲವೇ ಐಡ್ಲಿಂಗ್‌ಗೆ ಬೇಕಾದಷ್ಟೇ ಗಾಳಿ ಬಿಡುವ ಐಡಲ್ ಕಂಟ್ರೋಲ್ ವಾಲ್ವ್ ಮೂಲಕ. ವರ್ಷಗಟ್ಟಲೆ ಕಾರ್ಬನ್ ಕಟ್ಟಿ ಆ ಸಂದಿಯೇ ಮುಚ್ಚಿಹೋಗಿರುತ್ತೆ. ಇಂಜಿನ್ ಆಫ್ ಮಾಡಿ, ಇನ್‌ಟೇಕ್ ಹೋಸ್ (ಇಂಜಿನ್‌ಗೆ ಗಾಳಿ ತರುವ ಪೈಪು) ಬಿಚ್ಚಿ ಟಾರ್ಚ್ ಬಿಡಿ. ಪ್ಲೇಟಿನ ಸುತ್ತ ಜಿಡ್ಡುಜಿಡ್ಡಾದ ಕಪ್ಪು ಉಂಗುರ ಕಂಡರೆ ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಇಗ್ನಿಷನ್ ಆನ್ ಇರುವಾಗ ಅಲ್ಲಿಗೆ ಬೆರಳು ಹಾಕಲೇಬೇಡಿ. ಕ್ಲೀನ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಆರ್‌ಪಿಎಂ ಜಾಸ್ತಿ ಇರಬಹುದು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಹೊಸ ಲೆಕ್ಕ ಕಲಿಯಬೇಕಲ್ಲ. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿಯೇ ರೀಸೆಟ್ ಮಾಡಬೇಕು. ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಿ ಐಡಲ್ ಏರಿಸಿ ಕೊಡುವವರಿದ್ದಾರೆ. ಅದು ರಿಪೇರಿಯಲ್ಲ, ರೋಗ ಮುಚ್ಚಿಡುವ ಕೆಲಸ.

ಆಮೇಲೆ ವ್ಯಾಕ್ಯೂಮ್ ಲೀಕ್, ಅಂದರೆ ಬಿರುಕಿನಿಂದ ಇಂಜಿನ್ ಒಳಗೆ ಕಳ್ಳಗಾಳಿ ನುಗ್ಗುವುದು. ಹಳೆ ಗಾಡಿಯ ರಬ್ಬರ್ ಪೈಪುಗಳು ಮೇಲಿನಿಂದ ನೋಡಿದರೆ ಚೆನ್ನಾಗೇ ಇರುತ್ತವೆ, ತಳದಲ್ಲಿ ಬಿರಿದಿರುತ್ತವೆ. ಪಿಸಿವಿ ಹೋಸನ್ನು (ಇಂಜಿನ್ ಒಳಗಿನ ಹೊಗೆಯನ್ನು ಮತ್ತೆ ಇನ್‌ಟೇಕಿಗೆ ಕಳಿಸುವ ಪೈಪನ್ನು) ಕೈಯಲ್ಲಿ ತಿರುಗಿಸಿ, ಬಗ್ಗಿಸಿ ನೋಡಿ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬ್ರೇಕ್ ಬೂಸ್ಟರ್ (ಇಂಜಿನ್ ವ್ಯಾಕ್ಯೂಮಿನಿಂದ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಹೋಸನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಒತ್ತಿ ಹಿಡಿದರೆ ನಡುಕ ನಿಲ್ಲುತ್ತಾ? ಹಾಗಾದರೆ ಲೀಕ್ ಬೂಸ್ಟರ್ ಕಡೆಗಿದೆ. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಲೀಕ್ ಹುಡುಕುವುದು ಎಲ್ಲರೂ ಮಾಡುವ ಕೆಲಸವೇ, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ನಾನು ಇನ್‌ಟೇಕ್ ಜಾಯಿಂಟುಗಳಿಗೆ ಸ್ವಲ್ಪ ನೀರು ಚಿಮುಕಿಸುತ್ತೇನೆ, ವೈರಿಂಗ್ ಕಡೆಗೆ ಬೀಳದ ಹಾಗೆ. ಇಂಜಿನ್ ಸದ್ದು ಬದಲಾದ ಜಾಗದಲ್ಲೇ ಲೀಕ್. ಇನ್ನೊಂದು ಮಾತು, ಮ್ಯಾಪ್ ಸೆನ್ಸರ್ (ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಸೆನ್ಸರ್) ಇರುವ ಗಾಡಿಗಳಲ್ಲಿ ಲೀಕ್ ಆದರೆ ಐಡಲ್ ಇಳಿಯುವ ಬದಲು ಏರುವುದೂ ಉಂಟು.

ಯಾವಾಗ ಆಫ್ ಆಗುತ್ತೆ ಅಂತ ನೀವು ಬರೆದಿಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವಾದರೆ ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ಹೇಳುವ ಕೂಲಂಟ್ ಟೆಂಪರೇಚರ್ ಸೆನ್ಸರ್ ನೋಡಿಸಿ. ಎಸಿ ಹಾಕಿದಾಗ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಆದರೆ ಐಡಲ್ ವಾಲ್ವ್. ಬಿಸಿಯಾದ ಮೇಲೆ ಆಫ್ ಆಗಿ, ಸ್ಟಾರ್ಟರ್ ತಿರುಗಿದರೂ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ ಇಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಮೇಲೆ ನನಗೆ ಬಲವಾದ ಅನುಮಾನ. ನಡುಕ ಒಂದೇ ತಾಳದಲ್ಲಿದ್ದರೆ ಯಾವುದೋ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ: ಇಂಜೆಕ್ಟರ್ (ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿ, ಯಾವುದನ್ನು ಬಿಚ್ಚಿದರೂ ಇಂಜಿನ್‌ಗೆ ವ್ಯತ್ಯಾಸವೇ ಆಗುವುದಿಲ್ಲವೋ ಅಲ್ಲೇ ದೋಷ. ಓಬಿಡಿ ಸ್ಕ್ಯಾನರಿನಲ್ಲಿ (ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಉಪಕರಣದಲ್ಲಿ) ಪಿ0171, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಎಂಬ ಕೋಡ್ ಬಂದರೆ ಮತ್ತೆ ಗಾಳಿ ಲೀಕ್ ಕಡೆ ಹೋಗಿ, ಪಿ0301ರಿಂದ ಪಿ0304ರವರೆಗಿನದು ಬಂದರೆ ಕೊನೆಯ ಅಂಕಿಯೇ ಮಿಸ್ ಹೊಡೆಯುತ್ತಿರುವ ಸಿಲಿಂಡರ್ ನಂಬರು.

ಇದೆಲ್ಲ ಮುಗಿಯುವವರೆಗೆ ಟ್ರಾಫಿಕ್ಕಿಗೆ ತೆಗೆದುಕೊಂಡು ಹೋಗಬೇಡಿ. ಇಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತೆ, ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಕೆಲವೇ ಸಲದ ಬ್ರೇಕಿಗೆ ಸಾಕಾಗುತ್ತೆ.

ಇಷ್ಟರಲ್ಲೂ ಏನೂ ಸಿಗದಿದ್ದರೆ ಆಗ ಪಂಪ್ ವಿಷಯಕ್ಕೆ ಬನ್ನಿ. ಆದರೆ ಮೊದಲು ಪ್ರೆಷರ್ ಗೇಜ್ ಹಾಕಿಸಿ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನುವಲ್‌ನಲ್ಲಿರುವ ಅಂಕಿಗೆ ಹೋಲಿಸಿ ನೋಡಲು ಹೇಳಿ. ಗೇಜ್ ಇಲ್ಲ ಅಂದರೆ ಗ್ಯಾರೇಜ್ ಬದಲಾಯಿಸಿ.